ತೊಗರಿ ಕಟ್ಟಿಗೆಯ ಗೊಬ್ಬರ ಮತ್ತು ಹುಳ-ಹಾವಿನ ಭಯ

ಸಂಕ್ರಾಂತಿಯ ಆಸುಪಾಸಿನಲ್ಲಿ ತೊಗರಿ ರಾಶಿ ಮುಗಿಯಿತೆಂದರೆ ಕಲಬುರಗಿ ಜಿಲ್ಲೆಯ ಐನಾಪುರ ಹೋಬಳಿಯ ಹೊಲಗಳಲ್ಲಿ ಉಳಿಯುವುದು ಕಟ್ಟಿಗೆ. ಕಾಳು ಚೀಲ ಸೇರಿರುತ್ತದೆ, ಹೊಟ್ಟು ದನಗಳ ಪಾಲಾಗಿರುತ್ತದೆ, ಆಳೆತ್ತರದ ಕಟ್ಟಿಗೆ ಮಾತ್ರ ಬದುವಿನ ಮೇಲೆ ಬಿದ್ದಿರುತ್ತದೆ. ಹಿಂದೆ ಅದಕ್ಕೂ ಕೆಲಸವಿತ್ತು. ಒಲೆಗೆ ಉರುವಲಾಗುತ್ತಿತ್ತು, ಗುಡಿಸಲಿಗೆ ತಟ್ಟಿಯಾಗುತ್ತಿತ್ತು, ಹಿತ್ತಲಿಗೆ ಬೇಲಿಯಾಗುತ್ತಿತ್ತು, ಬುಟ್ಟಿಯಾಗುತ್ತಿತ್ತು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರು ಹಳ್ಳಿಯ ಅಡುಗೆಮನೆಗಳಿಗೂ ಬಂತು. ಕಟ್ಟಿಗೆ ಕೇಳುವವರು ಕಡಿಮೆಯಾದರು. ಈಗ ಚಿಂಚೋಳಿಯಿಂದ ಸೇಡಂ, ಚಿತ್ತಾಪುರದವರೆಗೆ ಜನವರಿ-ಫೆಬ್ರುವರಿಯ ಸಂಜೆಗಳಲ್ಲಿ ಹೊಲದ ಬದುಗಳಿಂದ ಹೊಗೆ ಏಳುತ್ತದೆ. ಊರೊಳಗಿನ ಹಿತ್ತಲುಗಳದ್ದೂ ಇದೇ ಕತೆ. ಬೇವಿನ ಎಲೆ, ಹುಣಸೆಯ ಕಡ್ಡಿ, ಸವರಿದ ಜಾಲಿ, ಗುಡಿಸಿದ ಕಸ, ಎಲ್ಲಕ್ಕೂ ಮೂಲೆಯಲ್ಲಿ ಬೆಂಕಿ.

ಸುಡುವ ಬದಲು ಕತ್ತರಿಸಿ ಗೊಬ್ಬರ ಮಾಡಬಾರದೇ ಎಂದು ಕೇಳಿದರೆ ಸಿಗುವ ಉತ್ತರದಲ್ಲಿ ಸೋಮಾರಿತನ ಇರುವುದಿಲ್ಲ, ಅಂಜಿಕೆ ಇರುತ್ತದೆ. "ತಿಪ್ಪಿಗಿ ಹಾವು ಬರ್ತಾವ." "ಇಲಿ ಗೂಡು ಕಟ್ತಾವ." "ಗೆದ್ದಲ ಹತ್ತತದ." "ಗೊಣ್ಣಿಹುಳ ಹೊಲಕ್ಕ ಹೋಗ್ತಾವ." ಇವುಗಳಲ್ಲಿ ಯಾವುದೂ ಬರಿಯ ಕಲ್ಪನೆಯಲ್ಲ. ಹಾವು ಕಚ್ಚಿ ಸತ್ತವರನ್ನು ಕಂಡ ಊರಿನ ಮುಂದೆ ನಿಂತು ಅಂಜಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೂರು ವರ್ಷಗಳಲ್ಲಿ ಕೃಷಿ ವಿಜ್ಞಾನಿಗಳು ಮತ್ತು ರೈತರು ಈ ಬಗ್ಗೆ ಕಂಡುಕೊಂಡದ್ದನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲಿ-ಹಾವುಗಳಿಗೆ ಮನೆಯಾಗುವುದು ಕತ್ತರಿಸದೆ ಒಟ್ಟಿದ ಒಣ ಕಟ್ಟಿಗೆಯ ಬಣವಿ. ನೊಣವನ್ನು ಕರೆಯುವುದು ಬಯಲಲ್ಲಿ ಬಿದ್ದ ಹಸಿ ಸಗಣಿ. ನಾಯಿ-ಹಂದಿಗಳನ್ನು ಎಳೆಯುವುದು ಉಳಿದ ಅನ್ನ-ರೊಟ್ಟಿ. ಸಣ್ಣಗೆ ಕತ್ತರಿಸಿ, ಹದವಾಗಿ ನೀರುಣಿಸಿ, ಕಾವೇರುವಂತೆ ಕೂಡಿಸಿದ ಗಿಡ-ಕಡ್ಡಿಯ ಗುಡ್ಡೆಯಲ್ಲಿ ಇವಕ್ಕೆ ಆಹಾರವೂ ಇಲ್ಲ, ಆಸರೆಯೂ ಇಲ್ಲ. ನಮ್ಮ ಸೀಮೆಯಲ್ಲಿ ಹೀಗೆ ಮಾಡಲು ನಿಜವಾಗಿ ಅಡ್ಡಬರುವುದು ನೀರು ಮತ್ತು ತಿಂಗಳು. ಹುಳ-ಹಾವು ಆಮೇಲಿನ ಮಾತು.

ತೊಗರಿ ಕಟ್ಟಿಗೆಯನ್ನು ಕೊಳೆಸುವುದು ಹೇಗೆಂಬುದು ಹೊಸ ಪ್ರಶ್ನೆಯಲ್ಲ. 1924ರಿಂದ 1931ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯನ್ನು ನಡೆಸಿದ ಆಲ್ಬರ್ಟ್ ಹೋವಾರ್ಡ್, ಅಲ್ಲಿನ ರಸಾಯನ ವಿಜ್ಞಾನಿ ಯಶವಂತ ವಾಡ್ ಅವರೊಡನೆ ಸೇರಿ ಗೊಬ್ಬರದ ಒಂದು ಪದ್ಧತಿಯನ್ನು ರೂಪಿಸಿದರು. 1931ರಲ್ಲಿ ಇಬ್ಬರೂ ಕೂಡಿ ಬರೆದ ಪುಸ್ತಕದಿಂದ ಅದು ಇಂದೋರ್ ಪದ್ಧತಿ ಎಂದು ಲೋಕಕ್ಕೆ ಪರಿಚಯವಾಯಿತು. ಮಾಳವದ ಕಪ್ಪು ನೆಲದಲ್ಲಿ ಅವರಿಗೆ ಎದುರಾದ ತೊಡಕು ನಮ್ಮದೇ. ಹತ್ತಿ ಮತ್ತು ತೊಗರಿಯ ಕಟ್ಟಿಗೆ ಬಲು ಗಟ್ಟಿ, ಬೇಗ ಕೊಳೆಯುವುದಿಲ್ಲ. ಕತ್ತರಿಸುವ ಯಂತ್ರ ಕೈಗೆಟುಕುತ್ತಿರಲಿಲ್ಲ. ಅವರು ಕಟ್ಟಿಗೆಯನ್ನು ಹೊಲದ ಬಂಡಿದಾರಿಯಲ್ಲಿ ಹಾಸಿದರು. ಚಕ್ಕಡಿಗಳು ಓಡಾಡಿ ಅದು ಹುಲ್ಲಿನಂತೆ ನುಗ್ಗಾದ ಮೇಲೆ ಬಳಿದು ತಂದು ದನಗಳ ಕಾಲಡಿ ಹಾಸಿಗೆಯಾಗಿ ಹರವಿದರು. ಗಂಜಳ ಕುಡಿದು ಮೆತ್ತಗಾದ ಆ ಹಾಸಿಗೆ ಸಗಣಿ, ಮಣ್ಣು, ಬೂದಿಯ ಜೊತೆ ಗುಂಡಿ ಸೇರಿತು. ಮೂರು ಸಲ ತಿರುವಿಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬುತ್ತದೆಂದು ಆಗ ನೆಲದ ಮೇಲೆಯೇ ಗುಡ್ಡೆ ಮಾಡಿದರು. ನೊಣದ ಬಗ್ಗೆಯೂ ಹೋವಾರ್ಡರ ನಿಲುವು ನೇರವಾಗಿತ್ತು. ಗುಂಡಿಯಿಂದ ವಾಸನೆ ಬಂದರೆ, ನೊಣ ಮರಿ ಮಾಡಿದರೆ, ಒಳಗೆ ಗಾಳಿ ಸಾಲದಾಗಿದೆ ಎಂದರ್ಥ, ಕೂಡಲೇ ತಿರುವಿಹಾಕಬೇಕು. ಔಷಧಿಯ ಮಾತೇ ಇಲ್ಲ.

ಇದಕ್ಕೆ ಸರಿಯಾಗಿ ಎದುರು ದಿಕ್ಕಿನದು ಬೆಂಗಳೂರು ಪದ್ಧತಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಇದನ್ನು ರೂಪಿಸಿದರು. ಪಟ್ಟಣದ ಕಸ ಮತ್ತು ಮಲವನ್ನು ರೋಗ ಹರಡದಂತೆ, ನೊಣ ಮುತ್ತದಂತೆ ಗೊಬ್ಬರವಾಗಿಸುವುದು ಅವರ ಮುಂದಿದ್ದ ಕೆಲಸ. ಗುಂಡಿಯನ್ನು ಪದರ ಪದರವಾಗಿ ತುಂಬಿ, ಮೊದಲ ಕಾವು ಏರಲು ಬಿಟ್ಟು, ಆಮೇಲೆ ಮೇಲ್ಭಾಗವನ್ನು ಮಣ್ಣಿನಿಂದ ಮೆತ್ತಿಬಿಡುವುದು. ಮತ್ತೆ ತಿರುವುವುದಿಲ್ಲ, ನೀರು ಹಾಕುವುದಿಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು. ಮೂರನೆಯದು ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದದ ರೈತ ನಾರಾಯಣ ದೇವತಾವ್ ಪಾಂಢರಿಪಾಂಡೆ ಅವರ ನಾಡೆಪ್ ತೊಟ್ಟಿ. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಇಟ್ಟಿಗೆಯ ಕಟ್ಟು, ಗೋಡೆಯಲ್ಲಿ ಗಾಳಿಗೆ ಕಿಂಡಿಗಳು. ಒಳಗೆ ಒಂದೂವರೆ ಟನ್ನಿನಷ್ಟು ಗಿಡ-ಕಸಕ್ಕೆ ಒಂದು ಕ್ವಿಂಟಲ್ಲೂ ಮೀರದ ಸಗಣಿ, ಉಳಿದದ್ದು ಜರಡಿ ಹಿಡಿದ ಒಣ ಮಣ್ಣು ಮತ್ತು ನೀರು. ದನ ಕಡಿಮೆಯಾದ ಮನೆಗೆ ಹೇಳಿಮಾಡಿಸಿದ ಲೆಕ್ಕ. ಉದ್ಯೋಗ ಖಾತರಿಯಲ್ಲಿ ನಮ್ಮ ಹಳ್ಳಿಗಳಲ್ಲೂ ಇಂಥ ತೊಟ್ಟಿಗಳನ್ನು ಕಟ್ಟಿದ್ದಾರೆ.

ಮೂರೂ ಪದ್ಧತಿಗಳು ಹುಳ-ಹುಪ್ಪಟೆಯನ್ನು ಮೂರು ಬಗೆಯಲ್ಲಿ ತಡೆಯುತ್ತವೆ. ಒಂದು ಕಾವಿನಿಂದ, ಇನ್ನೊಂದು ಮುಚ್ಚಳದಿಂದ, ಮತ್ತೊಂದು ಮಣ್ಣಿನ ಪದರದಿಂದ. ಯಾವುದು ಮೇಲು ಎಂಬ ವಾದ ಗೊಬ್ಬರ ಬಲ್ಲವರ ನಡುವೆ ಇಂದಿಗೂ ನಡೆಯುತ್ತದೆ. ನೆಲವನ್ನೂ ಕಾಲವನ್ನೂ ಬಿಟ್ಟು ಈ ವಾದ ಮಾಡುವುದರಲ್ಲಿ ಅರ್ಥ ಕಾಣೆ.

ಮೊದಲು ಕಾವಿನ ವಿಚಾರ. ಕಡ್ಡಿ-ಎಲೆಗಳನ್ನು ತಿನ್ನುವ ಸೂಕ್ಷ್ಮಜೀವಿಗಳು ಬಿಡುವ ಶಾಖ ಗುಡ್ಡೆಯೊಳಗೆ ನಿಲ್ಲಬೇಕಾದರೆ ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದು ಮೀಟರಿನಷ್ಟಾದರೂ ಇರಬೇಕು. ಅದಕ್ಕಿಂತ ಸಣ್ಣದು ಕಾವು ಹಿಡಿಯುವುದಿಲ್ಲ. ಹದ ಕೂಡಿದರೆ ಮೂರ್ನಾಲ್ಕು ದಿನಗಳಲ್ಲಿ ನಡುಭಾಗ 55ರಿಂದ 65 ಡಿಗ್ರಿಗೆ ಏರುತ್ತದೆ. ಆ ಶಾಖದಲ್ಲಿ ನೊಣದ ಮರಿಹುಳು ಉಳಿಯುವುದಿಲ್ಲ, ಇಲಿ ಮರಿ ಹಾಕುವುದಿಲ್ಲ, ಗೆದ್ದಲು ಕಾಲಿಡುವುದಿಲ್ಲ, ಕಳೆಯ ಬೀಜದಲ್ಲಿ ಬಹುಪಾಲು ಸಾಯುತ್ತದೆ. ಹದಕ್ಕೆ ಬೇಕಾದದ್ದು ಇಷ್ಟು: ಇಂಗಾಲ 25ರಿಂದ 30 ಪಾಲು ಇದ್ದರೆ ಸಾರಜನಕ 1 ಪಾಲು, ನೀರಿನಂಶ ನೂರಕ್ಕೆ 50ರಿಂದ 60, ಸಾಕಷ್ಟು ಗಾಳಿ. ತೊಗರಿ ಕಟ್ಟಿಗೆಯಲ್ಲಿ ಇಂಗಾಲವೇ ಹೆಚ್ಚು. ಸಗಣಿ, ಗಂಜಳ, ಗ್ಲಿರಿಸಿಡಿಯಾ ಅಥವಾ ಹೊಂಗೆಯ ಹಸಿರು ಸೊಪ್ಪು, ಹೂ ಬಿಡುವ ಮೊದಲು ಕಿತ್ತ ಕಳೆ, ಇವು ಸೇರದೆ ಕಾವು ಏರುವುದಿಲ್ಲ. ನೀರು ಅಳೆಯಲು ಉಪಕರಣ ಬೇಡ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಬೇಕು, ಸುರಿಯಬಾರದು.

ಕತ್ತರಿಸುವುದು ಏಕೆ ಮುಖ್ಯವೆಂಬುದು ಇಲ್ಲಿ ತಿಳಿಯುತ್ತದೆ. ಇಡೀ ಕಟ್ಟಿಗೆಗಳ ನಡುವೆ ಇಲಿ ಓಡಾಡುವಷ್ಟು, ಹಾವು ಸುತ್ತಿಕೊಳ್ಳುವಷ್ಟು ಟೊಳ್ಳು ಇರುತ್ತದೆ. ಒಂದೆರಡು ಇಂಚಿನ ಚೂರುಗಳಾದರೆ ಆ ಟೊಳ್ಳು ಹೋಗುತ್ತದೆ, ಸೂಕ್ಷ್ಮಜೀವಿಗಳಿಗೆ ತಿನ್ನಲು ಹತ್ತು ಮುಖ ತೆರೆಯುತ್ತದೆ, ಕಾವು ಬೇಗ ಏರುತ್ತದೆ. ಹೀಗೆ ಇಲಿ-ಹಾವುಗಳ ವಿರುದ್ಧದ ಮೊದಲ ಉಪಾಯ ಕತ್ತರಿಸುವ ಯಂತ್ರವೇ. ಆದರೆ ಹಿಟ್ಟಿನಂತೆ ಪುಡಿ ಮಾಡಿದರೂ ಕೆಡುಕು. ಪುಡಿ ಒದ್ದೆಯಾದರೆ ಹೆಂಟೆಗಟ್ಟುತ್ತದೆ, ಗಾಳಿ ನಿಲ್ಲುತ್ತದೆ, ನಾರುತ್ತದೆ, ನೊಣ ಬರುತ್ತದೆ. ಪುಡಿ ಹೆಚ್ಚಾಗಿದ್ದರೆ ನಡುವೆ ಬೆರಳುದ್ದದ ಕಡ್ಡಿಗಳನ್ನು ಸೇರಿಸಬೇಕು. ಬಳ್ಳಾರಿ ಜಾಲಿಯ ಬಗ್ಗೆ ಒಂದು ಮಾತು: ಅದರ ಮುಳ್ಳು ಯಂತ್ರದಲ್ಲಿ ತುಂಡಾದರೂ ಮೊನೆ ಉಳಿಯುತ್ತದೆ, ಎಲ್ಲಕ್ಕಿಂತ ತಡವಾಗಿ ಕೊಳೆಯುತ್ತದೆ. ಬರಿಗಾಲಲ್ಲಿ ಗೊಬ್ಬರ ಹರವುವ ಹೆಂಗಸರು ನಮ್ಮ ಹೊಲಗಳಲ್ಲಿ ಇನ್ನೂ ಇದ್ದಾರೆ. ಜಾಲಿಯ ಕೊಂಬೆಯನ್ನು ಈ ಗುಡ್ಡೆಗೆ ಹಾಕಬಾರದು.

ಇನ್ನು ನೀರು. ಕಟ್ಟಿಗೆ ಕೈಗೆ ಬರುವುದು ಜನವರಿಯಲ್ಲಿ. ಮಳೆ ಬರುವುದು ಮಿರಗದಲ್ಲಿ, ಅಂದರೆ ಜೂನ್ ತಿಂಗಳ ಮೃಗಶಿರಾ ಮಳೆಯಲ್ಲಿ. ನಡುವಿನ ನಾಲ್ಕೈದು ತಿಂಗಳು ಬಾವಿ ಬತ್ತುವ ಕಾಲ, ಬಿಸಿಲು 42 ಡಿಗ್ರಿ ದಾಟುವ ಕಾಲ. ಫೆಬ್ರುವರಿಯಲ್ಲಿ ಉತ್ಸಾಹದಿಂದ ಕತ್ತರಿಸಿ ಗುಡ್ಡೆ ಮಾಡಿ, ಎರಡು ಸಲ ನೀರು ಹಾಕಿ ಕೈಬಿಟ್ಟರೆ, ಏಪ್ರಿಲ್ ಹೊತ್ತಿಗೆ ಅದು ಒಣ ಚೂರುಗಳ ದಿಬ್ಬ. ಹೊರಗೆ ಉರಿಬಿಸಿಲು, ಒಳಗೆ ನೆರಳು, ತಿರುವುವವರಿಲ್ಲ. ಇಲಿ, ಚೇಳು, ಗೆದ್ದಲು ಎಲ್ಲಕ್ಕೂ ಬೇಕಾದದ್ದು ಇಂಥದೇ ಜಾಗ. ಗೊಬ್ಬರ ಮಾಡಲು ಹೋಗಿ ಹಾವು ಬಂತು ಎಂಬ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಇಂಥ ಅರ್ಧಕ್ಕೆ ಬಿಟ್ಟ ಗುಡ್ಡೆಗಳಿಂದ ಎಂದು ನನ್ನ ತಿಳಿವಳಿಕೆ. ದೂರು ನಿಜ, ತಪ್ಪು ತಿಂಗಳಿನದು.

ಆದ್ದರಿಂದ ಎರಡು ದಾರಿಗಳು ಉಳಿಯುತ್ತವೆ. ಕೊಳವೆಬಾವಿಯ ನೀರಿರುವವರು ಚಳಿಗಾಲದಲ್ಲೇ ಶುರುಮಾಡಬಹುದು, ಆದರೆ ಬಯಲಿನಲ್ಲಿ ಬೇಡ. ಗುಂಡಿಯಲ್ಲಿ ತುಂಬಿ, ವಾರದ ಕಾವಿನ ನಂತರ ಬೆಂಗಳೂರು ಪದ್ಧತಿಯಂತೆ ಮಣ್ಣು-ಸಗಣಿಯಿಂದ ಮೆತ್ತಿದರೆ ತೇವ ಒಳಗೇ ನಿಲ್ಲುತ್ತದೆ. ಮೆತ್ತಿದ ಮೇಲೆ ಬಿರುಕು ಬಿಟ್ಟರೆ ಮತ್ತೆ ಮೆತ್ತಬೇಕು. ನೀರಿಲ್ಲದವರು ಕಟ್ಟಿಗೆಯನ್ನು ಕತ್ತರಿಸದೆ, ಮನೆಯಿಂದ ದೂರ, ನೆಲದ ಮೇಲೆ ಅಡ್ಡ ಒಟ್ಟದೆ, ಮರಕ್ಕೋ ಕಂಬಕ್ಕೋ ನೆಟ್ಟಗೆ ಒರಗಿಸಿ ನಿಲ್ಲಿಸಿಡುವುದು ಲೇಸು. ನೆಟ್ಟಗೆ ನಿಂತ ಕಟ್ಟಿಗೆಯ ಬುಡದಲ್ಲಿ ಗಾಳಿ-ಬೆಳಕು ಆಡುತ್ತದೆ, ಅಲ್ಲಿ ಇಲಿ ಸಂಸಾರ ಹೂಡುವುದು ಕಷ್ಟ. ಮೇ ಕೊನೆಯಲ್ಲಿ ಕತ್ತರಿಸಿದರೆ ಮಳೆಯೇ ನೀರುಣಿಸುತ್ತದೆ.

ನೆಲದ ಗುಣವನ್ನೂ ನೋಡಬೇಕು. ಚಿಂಚೋಳಿ ತಾಲ್ಲೂಕಿನಲ್ಲಿ ಕೆಲವು ಕಡೆ ಜಂಬಿಟ್ಟಿಗೆಯ ಕೆಂಪು ನೆಲ, ಕೆಲವು ಕಡೆ ಎರೆ. ಕೆಂಪು ನೆಲದ ಗುಂಡಿಯಲ್ಲಿ ನೀರು ಇಂಗಿಹೋಗುತ್ತದೆ, ಬೇಸಿಗೆಯ ಮೆತ್ತಿದ ಗುಂಡಿಗೆ ಅದು ಒಳ್ಳೆಯ ಜಾಗ. ಎರೆ ನೆಲದಲ್ಲಿ ಮಳೆಗಾಲದ ಗುಂಡಿ ಕೆರೆಯಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಆ ಬಿರುಕುಗಳೇ ಇಲಿಗಳ ಬೀದಿಯಾಗುತ್ತವೆ. ಎರೆ ಹೊಲದಲ್ಲಿ ಗುಂಡಿಗೆ ಕೈ ಹಾಕದೆ ಎತ್ತರದ ಜಾಗದಲ್ಲಿ ಗುಡ್ಡೆ ಮಾಡುವುದೇ ಸರಿ. ಹೋವಾರ್ಡರು ಮಳೆಗಾಲಕ್ಕೆ ಮಾಡಿಕೊಂಡ ಬದಲಾವಣೆಯೂ ಇದೇ.

ಈಗ ಒಂದೊಂದಾಗಿ ಹುಳ-ಹುಪ್ಪಟೆ. ನೊಣದ್ದು ಸುಲಭ. ಬೆಚ್ಚನೆಯ ದಿನಗಳಲ್ಲಿ ಅದರ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಒಂದೆರಡು ವಾರದಲ್ಲಿ ರೆಕ್ಕೆಯ ನೊಣವಾಗುತ್ತದೆ. ಮರಿಹುಳು ಬೆಳೆಯುವುದು ಗುಡ್ಡೆಯ ತಂಪಾದ ಅಂಚಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1956ರಲ್ಲಿ ಹೆರಾಲ್ಡ್ ಗೋಟಾಸ್ ಅವರ ಗೊಬ್ಬರದ ಗ್ರಂಥವನ್ನು ಪ್ರಕಟಿಸಿತು. ಅಂಚನ್ನು ನಡುವಿಗೆ, ನಡುವನ್ನು ಅಂಚಿಗೆ ತಿರುವುವುದೇ ನೊಣದ ಹತೋಟಿ ಎಂದು ಅದರಲ್ಲೂ ಒತ್ತಿ ಹೇಳಿದೆ. ಶುರುವಿನ ಮೂರು ವಾರ ವಾರಕ್ಕೊಮ್ಮೆ ತಿರುವಿ, ಸಗಣಿ ಮೇಲೆ ಕಾಣದಂತೆ ನಾಲ್ಕು ಬೆರಳು ಒಣ ಚೂರು ಮುಚ್ಚಿದರೆ ನೊಣದ ಸುದ್ದಿ ಮುಗಿಯುತ್ತದೆ. ಸೊಳ್ಳೆ ಗೊಬ್ಬರದಲ್ಲಿ ಹುಟ್ಟುವುದಿಲ್ಲ, ಪಕ್ಕದಲ್ಲಿ ನಿಂತ ನೀರಿನಲ್ಲಿ ಹುಟ್ಟುತ್ತದೆ.

ಇಲಿ ಮತ್ತು ಹಾವನ್ನು ಬೇರೆ ಬೇರೆ ಮಾಡಿ ನೋಡುವುದು ಸರಿಯಲ್ಲ. ನಾಗರ, ಕೊಳಕುಮಂಡಲ, ಕೇರೆ, ಯಾವುದಕ್ಕೂ ಗೊಬ್ಬರ ಬೇಡ. ಅವು ಬರುವುದು ಇಲಿ-ಕಪ್ಪೆಗಳನ್ನು ಹುಡುಕಿಕೊಂಡು, ಇಲ್ಲವೇ ತಂಪಿನ ಆಸರೆಗೆ. ಕೇರೆಯಂಥ ಮೊಟ್ಟೆಯಿಡುವ ಹಾವುಗಳು ಕದಲದ, ಬೆಚ್ಚಗಿನ, ತೇವದ ಎಲೆಗುಡ್ಡೆಯಲ್ಲಿ ಮೊಟ್ಟೆಯಿಡುವುದೂ ಉಂಟು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇಲಿ ಏಕೆ ಬಂತು ಎಂಬುದು. ಉತ್ತರ ಹೆಚ್ಚಾಗಿ ಮೂರರಲ್ಲಿ ಒಂದು: ರಾಶಿಯಾದ ಮೇಲೆ ಕಟ್ಟಿಗೆಯ ಜೊತೆ ಕಾಳು ಉಳಿದ ಕಾಯಿಗಳು ಬಂದಿವೆ, ಅಡುಗೆಯ ಉಳಿಕೆ ಬಿದ್ದಿದೆ, ಅಥವಾ ಗುಡ್ಡೆ ಒಣಗಿ ತಿಂಗಳುಗಟ್ಟಲೆ ಕದಲದೆ ಕೂತಿದೆ. ಕಾಯಿ ಬಡಿದು ಉದುರಿಸಿ, ಅನ್ನ-ರೊಟ್ಟಿ ದೂರವಿಟ್ಟು, ತಿರುವುತ್ತಿದ್ದರೆ ಇಲಿಗೆ ಅಲ್ಲಿ ನಿಲ್ಲಲು ಕಾರಣವೇ ಉಳಿಯುವುದಿಲ್ಲ. ಇಲಿಪಾಷಾಣದ ದಾರಿ ನನಗೆ ಒಪ್ಪಿಗೆಯಿಲ್ಲ. ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ಬೆಕ್ಕು ತಿನ್ನುತ್ತದೆ, ಇಲಿ ಹಿಡಿಯುವ ಜೀವಗಳೇ ಸಾಯುತ್ತವೆ.

ಇಷ್ಟಾದರೂ ಎಚ್ಚರ ಎಚ್ಚರವೇ. ಗುಡ್ಡೆಯನ್ನು ಮನೆಯ ಗೋಡೆಗೆ, ಕೊಟ್ಟಿಗೆಗೆ ತಾಗಿಸಿ ಮಾಡಬಾರದು. ಸುತ್ತ ಎರಡು ಮೊಳ ನೆಲವನ್ನು ಹುಲ್ಲಿಲ್ಲದಂತೆ ಕೆತ್ತಿಡಬೇಕು. ತಿರುವುವ ಮೊದಲು ಉದ್ದ ಕೋಲಿನಿಂದ ಬಡಿದು ಸ್ವಲ್ಪ ಹೊತ್ತು ಕಾಯಬೇಕು. ಬರಿಗೈ ಹಾಕಬಾರದು, ಸಂಜೆಗತ್ತಲಲ್ಲಿ ಹೋಗಬಾರದು. ಕಚ್ಚಿದರೆ ಮಂತ್ರ, ಕಟ್ಟು, ಕೊಯ್ತ ಯಾವುದೂ ಬೇಡ, ನೇರ ಸರ್ಕಾರಿ ಆಸ್ಪತ್ರೆಗೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ.

ಇಲಿಯನ್ನು ಕಟ್ಟಡದಿಂದಲೇ ತಡೆಯಬೇಕೆನ್ನುವವರಿಗೆ ನಮ್ಮ ಸೀಮೆಯಲ್ಲಿ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗದ ಸಾಮಾನಿದೆ: ಶಹಾಬಾದಿ ಫರಸಿ. ಭೀಮಾ ತೀರದ ಸುಣ್ಣಕಲ್ಲಿನ ಈ ಚಪ್ಪಡಿಗಳು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆ ಮನೆಯ ನೆಲ, ಬೇಲಿ, ಕಟ್ಟೆ ಎಲ್ಲಕ್ಕೂ ಬಳಕೆಯಾಗುತ್ತವೆ. ಅಂಚು ಮುರಿದ, ಮಾರಲಾಗದ ಫರಸಿಯೂ ಸಾಕು. ನೆಲಕ್ಕೆ ಹಾಸಿ, ಮೂರು ಕಡೆ ನೆಟ್ಟು, ನಾಲ್ಕನೆಯ ಕಡೆ ತೆಗೆದಿಡಬಹುದಾದ ಹಲಗೆ ನಿಲ್ಲಿಸಿದರೆ ತಳದಿಂದ ಹೆಗ್ಗಣ ಕೊರೆಯಲಾರದು. ಕೆಳಗೆ ನೀರು ಬಸಿಯಲು ಕಲ್ಲುಗಳ ನಡುವೆ ಕಿರುಬೆರಳು ಹೋಗದಷ್ಟು ಸಂದು ಬಿಡಬೇಕು. ಗಾಳಿಗೆ ಬಿಟ್ಟ ಕಡೆ ಕಾಲಿಂಚು ಕಣ್ಣಿನ ತಂತಿಜಾಲರಿ ಬಡಿಯಬೇಕು, ಅದಕ್ಕಿಂತ ದೊಡ್ಡ ಕಣ್ಣಿನಲ್ಲಿ ಇಲಿಮರಿ ನುಸುಳುತ್ತದೆ. ನಾಡೆಪ್ ತೊಟ್ಟಿಯ ಕಿಂಡಿಗಳಿಗೂ ಈ ಜಾಲರಿ ಬೇಕೇ ಬೇಕು. ಕಿಂಡಿ ಬಿಟ್ಟು ಜಾಲರಿ ಮರೆತ ತೊಟ್ಟಿ ಇಲಿಗೆ ಬಾಗಿಲು ತೆರೆದಿಟ್ಟ ಮನೆಯೇ ಸರಿ. ಇಂಥ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದರೆ ಒಂದರಿಂದ ಇನ್ನೊಂದಕ್ಕೆ ಎತ್ತಿಹಾಕುವುದರಲ್ಲೇ ತಿರುವುವ ಕೆಲಸ ಆಗಿಬಿಡುತ್ತದೆ. ಹುಳ ಸಾಯಲೆಂದು ಸುಣ್ಣವನ್ನೋ ಸಿಮೆಂಟಿನ ಧೂಳನ್ನೋ ಗೊಬ್ಬರಕ್ಕೆ ಸುರಿಯಬಾರದು. ನಮ್ಮ ನೆಲದಲ್ಲಿ ಸುಣ್ಣಕ್ಕೆ ಬರವಿಲ್ಲ. ಸುಣ್ಣ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಬೆಳೆಗೆ ಸಿಗಬೇಕಾದದ್ದು ದುರ್ವಾಸನೆಯಾಗುತ್ತದೆ.

ಗೆದ್ದಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಬಂದರೆ ಗುಡ್ಡೆ ಒಣಗಿದೆ, ಕದಲಿಲ್ಲ ಎಂದು ತಿಳಿಯಬೇಕು. ನೀರು ಹಾಕಿ ತಿರುವಿದರೆ ಬಿಟ್ಟುಹೋಗುತ್ತದೆ. ಅದೂ ಕಟ್ಟಿಗೆಯನ್ನು ಕೊಳೆಸುವ ಜೀವವೇ, ಆದರೆ ಸಾರವನ್ನು ತನ್ನ ಹುತ್ತಕ್ಕೆ ಒಯ್ಯುತ್ತದೆ. ಬೇವಿನ ಸೊಪ್ಪು ಹಾಕಿದರೆ ಗೆದ್ದಲು ಬರುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಬೇವಿನ ಕಹಿಯ ಅಂಶ ಶಾಖಕ್ಕೆ, ಬಿಸಿಲಿಗೆ ಬೇಗ ಒಡೆಯುತ್ತದೆ. ಬೇವನ್ನು ಧಾರಾಳವಾಗಿ ಹಾಕಿ, ಹಸಿರು ಸೊಪ್ಪೆಂದು ಹಾಕಿ, ಕಾವಲೆಂದು ನಂಬಬೇಡಿ.

ಗೊಣ್ಣೆಹುಳುವಿನ ಮಾತು ಉದ್ದ, ಏಕೆಂದರೆ ರೈತನ ಅಂಜಿಕೆಯಲ್ಲಿ ಹೆಚ್ಚು ಹುರುಳಿರುವುದು ಇಲ್ಲಿಯೇ. ಅರ್ಧ ಕೊಳೆತ ಗೊಬ್ಬರದಲ್ಲಿ ಕಾಣುವ, ಸುರುಳಿ ಸುತ್ತಿಕೊಂಡ ಬಿಳಿ ಹುಳುಗಳೆಲ್ಲ ಒಂದೇ ಜಾತಿಯವಲ್ಲ. ಹೆಬ್ಬೆರಳು ಗಾತ್ರದವು ಹೆಚ್ಚಾಗಿ ರೈನೋಸರಸ್ ದುಂಬಿಯ ಮರಿಗಳು. ಗೊಬ್ಬರದಲ್ಲಿ ಬೆಳೆದು, ದುಂಬಿಯಾಗಿ ಹಾರಿ, ತೆಂಗು-ಈಚಲಿನ ಸುಳಿ ಕೊರೆಯುತ್ತವೆ. ತುಮಕೂರು ಸೀಮೆಗೆ ಅದು ದೊಡ್ಡ ಪಿಡುಗು, ತೆಂಗು ವಿರಳವಾದ ನಮ್ಮಲ್ಲಿ ಅಷ್ಟಿಲ್ಲ. ಬೇರು ತಿನ್ನುವ ಗೊಣ್ಣೆಹುಳು ಬೇರೆ. ಅದರ ದುಂಬಿಗಳು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದೆದ್ದು ಬೇವಿನ ಮರಕ್ಕೆ ಮುತ್ತುತ್ತವೆ, ಆಮೇಲೆ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಕಳಿಯದ ಸಗಣಿ ಹರವಿದ ಹೊಲ ಅವಕ್ಕೆ ಪ್ರಿಯ. ಮೂರನೆಯದು ಹೂದುಂಬಿಯ ಮರಿ. ಇದು ಸತ್ತ ಎಲೆ-ಕಡ್ಡಿಯನ್ನು ತಿಂದು ಗೊಬ್ಬರವನ್ನೇ ಹದಮಾಡುತ್ತದೆ. ಗುರುತಿಸಲು ಸುಲಭದ ಪರೀಕ್ಷೆಯಿದೆ: ಹುಳುವನ್ನು ಸಮನಾದ ಫರಸಿಯ ಮೇಲೆ ಬಿಡಿ. ಬೆನ್ನ ಮೇಲೆ ಮಲಗಿ ತೆವಳಿದರೆ ಅದು ಹೂದುಂಬಿಯದು, ಕೊಲ್ಲಬೇಡಿ. ಉಳಿದವಕ್ಕೆ ಗೊಬ್ಬರ ಹರವುವ ಮೊದಲು ತೆಳುವಾಗಿ ಹರಡಿ ಜವಾರಿ ಕೋಳಿಗಳನ್ನು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಕಾವು ಇಳಿದ ಗೊಬ್ಬರಕ್ಕೆ ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿ ಬೆರೆಸುವುದನ್ನು ಕೃಷಿ ವಿಶ್ವವಿದ್ಯಾಲಯಗಳು ಹೇಳಿಕೊಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕಳಿತ ಗೊಬ್ಬರವನ್ನು ವರ್ಷವಿಡೀ ಕೂಡಿಡಬಾರದು. ರೈನೋಸರಸ್‌ನಂಥ ದುಂಬಿಗಳು ಮೊಟ್ಟೆಯಿಡಲು ಹುಡುಕುವುದು ಕಳಿತು ತಣ್ಣಗಾಗಿ ಬಿದ್ದ ಗೊಬ್ಬರವನ್ನೇ.

ಕಣ್ಣಿಗೆ ಕಾಣದ ಪಿಡುಗೂ ಒಂದಿದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಕಲಬುರಗಿ ಜಿಲ್ಲೆಯ ತೊಗರಿಯನ್ನು ಹೇಗೆ ಒಣಗಿಸಿತೆಂಬುದು ಇಲ್ಲಿ ಯಾರಿಗೂ ಮರೆತಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೇಳೆಯ ನಾಡಿಗೆ ಅದು ದೊಡ್ಡ ಹೊಡೆತ. ಈ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಸತ್ತ ಬೇರು-ಬುಡಗಳಲ್ಲಿ ಅಡಗಿ ಮೂರು ವರ್ಷದವರೆಗೂ ಮಣ್ಣಿನಲ್ಲಿ ಬದುಕಬಲ್ಲದು. ಗುಡ್ಡೆಯ ನಡುಭಾಗದ ಶಾಖ ಅದನ್ನು ಕೊಲ್ಲಬಲ್ಲದು, ಅಂಚಿನ ತಂಪಿನಲ್ಲಿ ಅದು ಉಳಿಯಬಹುದು. ಮೆತ್ತಿದ ಗುಂಡಿಯಲ್ಲಿ ಕಾವು ಕಡಿಮೆಯಾದ್ದರಿಂದ ಅಪಾಯ ಇನ್ನೂ ಹೆಚ್ಚು. ನೆಟೆ ಹತ್ತಿದ ಗಿಡದ ಬೇರು ಮತ್ತು ಬುಡದ ಒಂದು ಮೊಳವನ್ನು ಗೊಬ್ಬರಕ್ಕೆ ಸೇರಿಸಬಾರದು. ಸುಡುವುದನ್ನು ನಾನು ಒಪ್ಪುವುದು ಇದೊಂದಕ್ಕೇ. ಮೇಲಿನ ಕಟ್ಟಿಗೆಯಿಂದಾದ ಗೊಬ್ಬರವನ್ನೂ ಮುಂದಿನ ತೊಗರಿಗೆ ಹಾಕದೆ ಬೇರೆ ಬೆಳೆಗೆ ಹಾಕುವುದು ಜಾಣತನ. ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರವನ್ನು ಬೆರೆಸುವವರು ಗುಡ್ಡೆ ತಣಿದ ಮೇಲೆ ಬೆರೆಸಬೇಕು, ಕಾವಿನಲ್ಲಿ ಹಾಕಿದರೆ ಅದೂ ಸಾಯುತ್ತದೆ. ಗೊಡ್ಡು ರೋಗದ ಗಿಡಗಳಿಗೆ ಈ ಅಂಜಿಕೆ ಬೇಡ. ಅದನ್ನು ಹರಡುವ ನುಸಿ ಬದುಕುವುದು ಜೀವಂತ ಗಿಡದ ಮೇಲೆ ಮಾತ್ರ.

ಕಾಂಗ್ರೆಸ್ ಹುಲ್ಲನ್ನು ಹೂವಿಗೆ ಮುಂಚೆ ಕಿತ್ತರೆ ಒಳ್ಳೆಯ ಹಸಿರು ಗೊಬ್ಬರ. ಹೂ ಬಿಟ್ಟ ಮೇಲೆ ಹಾಕುವುದಾದರೆ ಗುಡ್ಡೆಯ ನಟ್ಟನಡುವೆ ಮಾತ್ರ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಚೀಲ ಹಾಕಿಕೊಂಡು.

ಪಟ್ಟಣದ ಕತೆ ಬೇರೆ. ಸೇಡಂ, ವಾಡಿ, ಶಹಾಬಾದದ ಮನೆಗಳ ಅಂಗಳದಲ್ಲಿ ಕಟ್ಟಿಗೆ ಕಡಿಮೆ, ಎಲೆ ಹೆಚ್ಚು, ಅದರ ಜೊತೆ ಅಡುಗೆಮನೆಯ ಸಿಪ್ಪೆ. ತೋಟದ ಕಸವನ್ನು ಬೇರೆಯಾಗಿಡಬೇಕು, ಸುಡಬಾರದು ಎಂದು ಘನತ್ಯಾಜ್ಯ ನಿಯಮಗಳು 2016ರಲ್ಲೇ ಹೇಳಿದ್ದವು. ಆದರೂ ಬೆಳಗಿನ ಹೊತ್ತು ಬೀದಿ ಬದಿಯ ಎಲೆಗುಡ್ಡೆಗಳಿಗೆ ಬೆಂಕಿ ಬೀಳುತ್ತಲೇ ಇದೆ. ನೊಣ, ಹೆಗ್ಗಣ, ಬೀದಿನಾಯಿ, ಹಂದಿಯ ಕಾಟ ಹೆಚ್ಚಿರುವುದು ಪಟ್ಟಣದಲ್ಲೇ, ಕಾರಣ ಸಿಪ್ಪೆಯ ಜೊತೆ ಬೀಳುವ ಉಂಡು ಬಿಟ್ಟ ಅನ್ನ ಮತ್ತು ಮಾಂಸದ ಚೂರು. ಇಲ್ಲಿ ಸುಡುವ ಒಣ ಎಲೆಯೇ ಮದ್ದು. ಒಂದು ಬಟ್ಟಲು ಸಿಪ್ಪೆಗೆ ಎರಡು-ಮೂರು ಬಟ್ಟಲು ಕತ್ತರಿಸಿದ ಒಣ ಎಲೆ ಮುಚ್ಚುವುದು, ಬೆಂದದ್ದು, ಎಣ್ಣೆ, ಮಾಂಸ, ಹಾಲಿನ ಪದಾರ್ಥ ಹಾಕದಿರುವುದು, ಮುಚ್ಚಳವಿರುವ ಪಾತ್ರೆ. ಬೆಂಗಳೂರಿನಲ್ಲಿ 2006ರಿಂದ ಡೇಲಿ ಡಂಪ್ ಸಂಸ್ಥೆ ಮಣ್ಣಿನ ಮಡಕೆಗಳಲ್ಲಿ ಮನೆಮನೆಗೆ ಕಲಿಸಿದ್ದರ ತಿರುಳೂ ಇದೇ. ಎಲೆ ಉಳಿಸಿಕೊಳ್ಳದೆ ಸಿಪ್ಪೆಯನ್ನಷ್ಟೇ ಕೊಳೆಸಲು ಹೊರಟ ಮನೆಯಲ್ಲಿ ವಾರದೊಳಗೆ ವಾಸನೆ ಬಂದು, ಎಲ್ಲರೂ ಬೇಸತ್ತು ಬಿಟ್ಟುಬಿಡುತ್ತಾರೆ.

ಎರೆಹುಳು ಗೊಬ್ಬರ ಬಹಳ ಜನಕ್ಕೆ ಪ್ರಿಯ, ಆದರೆ ಹಸಿ ತೊಗರಿ ಕಟ್ಟಿಗೆಗೆ ಅದು ಮೊದಲ ಮೆಟ್ಟಿಲಲ್ಲ. ಎರೆಹುಳುವಿಗೆ ಕಾವು ಆಗದು, ತಂಪಿನ ತೊಟ್ಟಿಗೆ ಇರುವೆ, ಇಲಿ, ಹಕ್ಕಿ ಎಲ್ಲವೂ ಹುಡುಕಿಕೊಂಡು ಬರುತ್ತವೆ. ಕಾವು ತೀರಿದ, ಅರ್ಧ ಕಳಿತ ಗೊಬ್ಬರವನ್ನು ಎರೆಹುಳುವಿಗೆ ಕೊಟ್ಟು, ತೊಟ್ಟಿಯ ಸುತ್ತ ನೀರಿನ ಕಾಲುವೆ ಮಾಡಿ, ಮೇಲೆ ಜಾಲರಿ ಮುಚ್ಚುವವರು ಗೆಲ್ಲುತ್ತಾರೆ. ಕಾಡಂಚಿನ ಊರುಗಳಿಗೆ ಇನ್ನೊಂದು ಎಚ್ಚರ: 2011ರಲ್ಲಿ ವನ್ಯಧಾಮವಾದ ಚಿಂಚೋಳಿ ಕಾಡಿನ ಮಗ್ಗುಲಲ್ಲಿ ಹಣ್ಣಿನ ಕಸ ಹಾಕಿದ ಗುಡ್ಡೆಯನ್ನು ಕಾಡುಹಂದಿ ಒಂದೇ ರಾತ್ರಿ ಬಗೆದುಬಿಡಬಲ್ಲದು. ಅಲ್ಲಿ ಸೀತಾಫಲ, ಮಾವಿನ ಉಳಿಕೆಯನ್ನು ಗುಡ್ಡೆಗೆ ಹಾಕದೆ ಆಳವಾಗಿ ಹೂಳುವುದೇ ಸರಿ.

ಉಳಿದದ್ದು ಯಂತ್ರದ ಪ್ರಶ್ನೆ. ಟ್ರ್ಯಾಕ್ಟರಿಗೆ ಜೋಡಿಸುವ ಶ್ರೆಡ್ಡರ್ ಒಬ್ಬ ಸಣ್ಣ ರೈತ ಕೊಳ್ಳುವ ವಸ್ತುವಲ್ಲ, ವರ್ಷಕ್ಕೆ ಕೆಲವೇ ದಿನ ಬೇಕಾಗುವ ವಸ್ತು. ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡಲೆಂದೇ 2014ರ ಸುಮಾರಿಗೆ ಕೃಷಿ ಯಂತ್ರಧಾರೆ ಶುರುವಾಯಿತು. ಅಲ್ಲಿ ಉಳುವ, ಬಿತ್ತುವ ಯಂತ್ರಗಳ ಜೊತೆ ಕತ್ತರಿಸುವ ಯಂತ್ರವೂ ನಿಲ್ಲಬೇಕು, ಬೇಕಾದ ತಿಂಗಳಲ್ಲಿ ಊರಿಗೆ ಬರಬೇಕು. ಮಿರಗ ಕೂಡಿದ ಮೇಲೆ ಟ್ರ್ಯಾಕ್ಟರುಗಳಿಗೆ ಬಿತ್ತನೆಯಿಂದ ಬಿಡುವಿಲ್ಲ. ಮೇ ತಿಂಗಳ ಕೊನೆಯ ವಾರಗಳಲ್ಲಿ, ರೋಹಿಣಿ ಮಳೆಯ ಹೊತ್ತಿಗೆ, ಅವು ಖಾಲಿ ನಿಂತಿರುತ್ತವೆ. ಆ ದಿನಗಳಲ್ಲಿ ಕತ್ತರಿಸಿ, ಸಗಣಿ-ಸೊಪ್ಪು ಸೇರಿಸಿ ಗುಡ್ಡೆ ಹಾಕಿದರೆ ಮೊದಲ ಮಳೆಗಳಿಗೆ ಕಾವು ಹಿಡಿಯುತ್ತದೆ. ಜೋರು ಮಳೆ ಬಂದಾಗ ತಾಡಪತ್ರಿ ಮುಚ್ಚಿ, ಬಿತ್ತನೆ-ಎಡೆಯ ನಡುವೆ ಬಿಡುವಾದಾಗ ತಿರುವಿದರೆ, ಗಟ್ಟಿ ಕಟ್ಟಿಗೆಯಾದರೂ ನಾಲ್ಕು ತಿಂಗಳಲ್ಲಿ ಕಪ್ಪಗೆ ಉದುರುದುರಾಗುತ್ತದೆ. ಅಷ್ಟು ಹೊತ್ತಿಗೆ ಸೆಪ್ಟೆಂಬರ್ ಕಳೆದು ಹಿಂಗಾರಿಗೆ ಹೊಲ ಹದವಾಗಿರುತ್ತದೆ. ತೊಗರಿಯ ಕಟ್ಟಿಗೆ ಜೋಳಕ್ಕೋ ಕಡಲೆಗೋ ಗೊಬ್ಬರವಾಗಿ ಹೋಗುತ್ತದೆ, ನೆಟೆಯ ಬೀಜ ತೊಗರಿಗೆ ಮರಳುವ ದಾರಿ ತಪ್ಪುತ್ತದೆ, ಕಳಿತ ಗೊಬ್ಬರ ಮುಂದಿನ ಮುಂಗಾರಿನ ದುಂಬಿಗಳಿಗೆ ಸಿಗುವಂತೆ ಕೂತಿರುವುದೂ ಇಲ್ಲ.